ಹದಿನಾಲ್ಕನೇ ಬೆಡ್ಡಿನಲ್ಲಿ ಅಲೆಕ್ಸಾಂಡರನ ಜಗಳ

2019ರ ಫೆಬ್ರವರಿಯಲ್ಲಿ ನಾನು ದಕ್ಷಿಣ ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಚಾರ್ಜ್ ನರ್ಸ್ ಆಗಿದ್ದೆ. ವಾರ್ಡಿನ ನರ್ಸುಗಳಿಗೆ ಪಾಳಿ ಹಾಕುವುದು, ಡಾಕ್ಟರ ಮಾತನ್ನು ರೋಗಿಗೂ ರೋಗಿಯ ಮಾತನ್ನು ಡಾಕ್ಟರಿಗೂ ದಾಟಿಸುವುದು, ಯಾರು ತಪ್ಪು ಮಾಡಿದರೂ ಮೊದಲು ತಾನು ಬೈಸಿಕೊಳ್ಳುವುದು, ಇಷ್ಟು ಆ ಹುದ್ದೆಯ ಕೆಲಸ. ನಮ್ಮದು ಹಿರಿಯರ ರಿಹ್ಯಾಬ್ ವಾರ್ಡ್, ಇಪ್ಪತ್ತನಾಲ್ಕು ಬೆಡ್ಡು. ಸೊಂಟದ ಮೂಳೆ ಮುರಿದು ಆಪರೇಷನ್ ಆದವರು ನಮ್ಮಲ್ಲಿಗೆ ಬಂದು, ಮತ್ತೆ ನಡೆಯುವುದನ್ನು ಕಲಿತು ಮನೆಗೆ ಹೋಗುತ್ತಿದ್ದರು. ಒಬ್ಬರೇ ಬದುಕಲಾರರು ಎನಿಸಿದವರು ರೆಸ್ಟ್ ಹೋಮಿಗೆ ಹೋಗುತ್ತಿದ್ದರು. ಯಾರು ಎಲ್ಲಿಗೆ ಎಂಬುದು ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಸಭೆಯಲ್ಲಿ ತೀರ್ಮಾನವಾಗುತ್ತಿತ್ತು.

ಈ ಪ್ರಸಂಗ ನನ್ನ ಮೂವತ್ತೊಂಬತ್ತು ವರ್ಷದ ನರ್ಸಿಂಗ್ ಬದುಕಿನ ದೊಡ್ಡ ಸಾಧನೆಯೇನೂ ಅಲ್ಲ. ನಾನೇ ಮಾಡಿದ ತಪ್ಪೊಂದರ ಕಥೆ ಇದು. ತಪ್ಪು ಸಮಯಕ್ಕೆ ಸರಿಯಾಗಿ ಸಿಕ್ಕಿಬಿತ್ತು ಎಂಬ ಒಂದೇ ಸಮಾಧಾನದಿಂದ ಬರೆಯುತ್ತಿದ್ದೇನೆ.

ನನ್ನ ಊರಿನ ವಿಷಯ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ತಪ್ಪಿನ ತೂಕ ಓದುವವರಿಗೆ ಗೊತ್ತಾಗುವುದಿಲ್ಲ. ನಾನು ಕುಂಬಳೆಯವಳು. ಕಾಸರಗೋಡು ಕೇರಳಕ್ಕೆ ಸೇರಿ ಎರಡು ವರ್ಷದ ಮೇಲೆ ಹುಟ್ಟಿದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರೇಷನ್ ಕಾರ್ಡಿನ ಮೇಲೆ ಮಲಯಾಳ. ಮಂಗಳೂರಿನಲ್ಲಿ ನರ್ಸಿಂಗ್ ಓದುವಾಗಿನಿಂದ, 2000ದಲ್ಲಿ ನ್ಯೂಜಿಲೆಂಡಿಗೆ ಬಂದ ಮೇಲೂ, "ಕೇರಳದ ನರ್ಸಾ? ಹಾಗಾದರೆ ಮಲಯಾಳಿ" ಎಂಬ ಮಾತು ನನ್ನ ಬೆನ್ನು ಬಿಡಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಯಾವ ಸಿಬ್ಬಂದಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿ ಇತ್ತು. ಅದರಲ್ಲಿ ನನ್ನ ಹೆಸರಿನ ಮುಂದೆ ಯಾರೋ 'ಮಲಯಾಳಂ' ಎಂದು ಬರೆದಿದ್ದರು. ಕನ್ನಡ ಇರಲಿಲ್ಲ. ತುಳುವಿನ ಹೆಸರನ್ನಂತೂ ಬರೆದವರು ಕೇಳಿಯೂ ಇರಲಿಕ್ಕಿಲ್ಲ. ಮೈಸೂರಿನ ಪ್ರತಿಮಾ ಎಂಬ ಕಿರಿಯ ನರ್ಸ್ ನನ್ನನ್ನು ಕೆಣಕಲು ಆಗಾಗ ಇದನ್ನೇ ಎತ್ತುತ್ತಿದ್ದಳು.

"ಅಕ್ಕ, ಆರನೇ ಬೆಡ್ ಅಂಕಲ್ ಏನೋ ಮಲಯಾಳಂನಲ್ಲಿ ಕೇಳ್ತಿದಾರೆ. ನಿಮ್ಮ ಭಾಷೆ ಅಲ್ವಾ, ಸ್ವಲ್ಪ ಬನ್ನಿ."

"ನನ್ನ ಭಾಷೆ ಅಂತ ಯಾರು ಹೇಳಿದ್ದು ನಿಂಗೆ? ಈಗ ನಿನ್ನ ಹತ್ರ ಮಾತಾಡುವುದು ಎಂತದು ಮತ್ತೆ, ಚೀನಾ ಭಾಷೆಯಾ?"

"ಲಿಸ್ಟಲ್ಲಿ ಹಾಗಿದೆ ಅಕ್ಕ, ನಾನೇನ್ ಮಾಡ್ಲಿ!"

ಬೈದುಕೊಂಡೇ ಹೋಗುತ್ತಿದ್ದೆ. ಮಲಯಾಳ ನನಗೆ ಚೆನ್ನಾಗಿಯೇ ಬರುತ್ತದೆ, ಅದು ಬೇರೆ ಮಾತು.

ಆ ಫೆಬ್ರವರಿಯ ಒಂದು ಸೋಮವಾರ ಹದಿನಾಲ್ಕನೇ ಬೆಡ್ಡಿಗೆ ಕೋಸ್ತಾ ಎಂಬ ಎಪ್ಪತ್ತೇಳರ ಹಿರಿಯರು ಬಂದರು. ಆಕ್ಲೆಂಡಿನ ಪಾಪಕುರಾದಲ್ಲಿ ಒಂಟಿಯಾಗಿದ್ದ ಬಡಗಿ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು. ಆಪರೇಷನ್ನಿನ ನಂತರ ಅವರಿಗೆ ಡೆಲಿರಿಯಂ ಬಂದಿತ್ತು. ವಯಸ್ಸಾದವರಿಗೆ ಅರಿವಳಿಕೆ, ನೋವಿನ ಮದ್ದು, ಹೊಸ ಜಾಗ ಎಲ್ಲ ಸೇರಿ ಕೆಲವು ದಿನ ಬುದ್ಧಿ ಮಂಕಾಗುವ ಸ್ಥಿತಿ ಅದು. ಎಷ್ಟೋ ಸಲ ಆ ದಿನಗಳಲ್ಲಿ ದೊಡ್ಡವರಾದ ಮೇಲೆ ಕಲಿತ ಭಾಷೆ ಮರೆತು, ತಾಯಿ ಕಲಿಸಿದ ಭಾಷೆ ಮಾತ್ರ ಉಳಿಯುತ್ತದೆ. ಕೋಸ್ತಾ ಅವರ ಇಂಗ್ಲಿಷು ಹಾಗೆ ಹೋಗಿತ್ತು.

ದಾಖಲಾತಿಯ ಫಾರ್ಮು ತುಂಬಿದ್ದು ನಾನೇ. ಹುಟ್ಟಿದ ಊರು ಫ್ಲೊರಿನಾ, ದೇಶ ಗ್ರೀಸ್ ಎಂದು ಹಳೆಯ ದಾಖಲೆಯಲ್ಲಿತ್ತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಮಾವೊರಿ ಹೆಂಗಸು, ಮೇರೆ ಎಂಬವಳು, "ಅವರದೇ ಒಂದು ಭಾಷೆ ಇದೆ ಡಿಯರ್, ಗ್ರೀಕೋ ಏನೋ ಇರಬೇಕು" ಎಂದಳು. ಮುಂದಿನದು ಎಥ್ನಿಸಿಟಿ ಕಾಲಂ, ಅಂದರೆ ನೀವು ಯಾವ ಜನ ಎಂಬ ಪ್ರಶ್ನೆ. ಗ್ರೀಕ್ ಎಂದು ಗುರುತು ಹಾಕಿದೆ. ಭಾಷೆಯ ಕಾಲಂನಲ್ಲೂ ಗ್ರೀಕ್. ಹತ್ತು ಸೆಕೆಂಡ್ ಹಿಡಿದಿರಬಹುದು.

ಈ ದೇಶದ ಆಸ್ಪತ್ರೆಗಳಲ್ಲಿ ಆ ಕಾಲಂಗೆ ಒಂದು ನಿಯಮವಿದೆ. ರೋಗಿ ತನ್ನನ್ನು ಏನೆಂದು ಹೇಳಿಕೊಳ್ಳುತ್ತಾರೋ ಅದನ್ನೇ ಬರೆಯಬೇಕು. ಮುಖ ನೋಡಿ, ಹೆಸರು ನೋಡಿ, ಹುಟ್ಟಿದ ಊರು ನೋಡಿ ಊಹಿಸುವಂತಿಲ್ಲ. ರೋಗಿಗೆ ಹೇಳಲಾಗದಿದ್ದರೆ ಖಾಲಿ ಬಿಟ್ಟು, ಆಮೇಲೆ ಕೇಳಬೇಕು. ಹೊಸ ನರ್ಸುಗಳಿಗೆ ಪ್ರತಿ ವರ್ಷ ಈ ನಿಯಮವನ್ನು ಪಾಠ ಮಾಡುತ್ತಿದ್ದವಳು ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಮೊದಲ ವಾರ ಕೋಸ್ತಾ ಅವರು ಕಿಟಕಿಯ ಕಡೆ ಕೈ ಮಾಡಿ "ಪಿಪೆರ್ಕಿ, ಪಿಪೆರ್ಕಿ" ಎನ್ನುತ್ತಿದ್ದರು. ಫೋನಿನಲ್ಲಿ ಸಿಕ್ಕ ಗ್ರೀಕ್ ದುಭಾಷಿಯನ್ನು ಕೇಳಿದೆವು. "ಸ್ಪಷ್ಟವಿಲ್ಲ, ಪೆಪ್ಪರ್ ಅನ್ನುತ್ತಿರಬಹುದು" ಎಂದರು. ಸಪ್ಪೆ ಊಟಕ್ಕೆ ಕಾಳುಮೆಣಸು ಕೇಳುತ್ತಿದ್ದಾರೆ ಎಂದುಕೊಂಡು ಪ್ರತಿಮಾ ಪ್ರತಿ ಊಟಕ್ಕೂ ಮೆಣಸಿನ ಪುಡಿಯ ಪುಟ್ಟ ಪೊಟ್ಟಣ ಇಟ್ಟಳು. ಅವರು ಅದನ್ನು ಒಡೆಯಲೇ ಇಲ್ಲ. ವಾರದ ಕೊನೆಗೆ ಅವರ ಮೇಜಿನ ಮೇಲೆ ಹದಿನೇಳು ಪೊಟ್ಟಣ ಸಾಲಾಗಿ ಕೂತಿದ್ದವು. ಬೇಡಿ ತರಿಸಿಕೊಂಡದ್ದನ್ನು ಮುಟ್ಟುವುದಿಲ್ಲ ಎಂದು ನಾವು ಅದನ್ನೂ ಗೊಂದಲದ ಲಕ್ಷಣವೆಂದೇ ನೋಟ್ಸಿನಲ್ಲಿ ಬರೆದೆವು.

ಎರಡನೇ ವಾರದ ಮಂಗಳವಾರ ಜ್ಞಾಪಕಶಕ್ತಿಯ ಪರೀಕ್ಷೆ ನಡೆಯಿತು. ಮೂವತ್ತು ಅಂಕದ ಪರೀಕ್ಷೆ ಅದು. ಇಂದು ಯಾವ ದಿನ, ಎಲ್ಲಿದ್ದೀರಿ, ಎಲ್ಲಿ ಹುಟ್ಟಿದಿರಿ, ನೂರರಿಂದ ಏಳೇಳು ಕಳೆಯಿರಿ, ಮೂರು ಶಬ್ದ ನೆನಪಿಟ್ಟುಕೊಂಡು ಆಮೇಲೆ ಹೇಳಿ, ಹೀಗೆ. ಗ್ರೀಕ್ ದುಭಾಷಿ ಫೋನಿನಲ್ಲಿ ಕೇಳುತ್ತಾ ಹೋದರು. ಕೋಸ್ತಾ ಅವರು ಮೊದಲ ಕೆಲವು ಪ್ರಶ್ನೆಗಳಿಗೆ ಗೊಣಗಿ ಉತ್ತರಿಸಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಒಂಬತ್ತು ಅಂಕ ಬಂತು. ಹುಟ್ಟಿದ ಊರಿನ ಹೆಸರನ್ನೂ ತಪ್ಪು ಹೇಳಿದರು ಎಂದು ದುಭಾಷಿ ತಿಳಿಸಿದರು.

ನಮ್ಮ ವಾರ್ಡಿನ ಹಿರಿಯ ಡಾಕ್ಟರ್ ಕ್ಯಾಥರಿನ್ ಮೃದು ಸ್ವಭಾವದವರು, ಆದರೆ ಅಂಕಕ್ಕೆ ಅಂಕವೇ. ಒಂಬತ್ತು ಬಂದವರನ್ನು ಒಂಟಿ ಮನೆಗೆ ಕಳಿಸುವಂತಿಲ್ಲ. ಡೆಲಿರಿಯಂ ಇಳಿಯುವಷ್ಟು ದಿನ ಕಳೆದಿದೆ, ಇದು ಡಿಮೆನ್ಷಿಯಾವೇ ಇರಬೇಕು, ಮರೆಗುಳಿತನದವರಿಗಾಗಿಯೇ ಇರುವ ಬೀಗ ಹಾಕಿದ ಘಟಕಕ್ಕೆ ಕಳಿಸಬೇಕಾಗುತ್ತದೆ ಎಂದರು. ಅಲ್ಲಿಗೆ ಹೋದವರು ಮನೆಗೆ ಮರಳುವುದು ನಾನು ಕಂಡಿಲ್ಲ. ಶುಕ್ರವಾರದ ಸಭೆಗೆ ಮೊದಲು ಒಮ್ಮೆ ಎದುರಿಗೇ ಕೂರುವ ದುಭಾಷಿಯಿಂದ ಕೇಳಿಸಿ ನೋಡೋಣ ಎಂದು ಅವರೇ ಹೇಳಿದರು. ಆ ಒಂದು ಮಾತಿಗೆ ನಾನು ಇಂದಿಗೂ ಅವರಿಗೆ ಋಣಿ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಇರೀನಿ ಬಂದರು. ಅರವತ್ತು ದಾಟಿದ ಹೆಂಗಸು, ಗ್ರೀಸಿನ ಥೆಸಲೊನಿಕಿಯವರು, ಊರಿನಲ್ಲಿ ಇತಿಹಾಸದ ಟೀಚರ್ ಆಗಿದ್ದವರು. ಇಸ್ತ್ರಿ ಮಾಡಿದ ಬಿಳಿ ಷರಟು, ಎದೆಗೆ ದುಭಾಷಿಯ ಬ್ಯಾಡ್ಜು. ಗ್ರೀಕಿನಲ್ಲಿ ನಮಸ್ಕಾರ ಹೇಳಿ, ಟೀಚರ್ ಆಗಿದ್ದವಳು ಎಂದು ಪರಿಚಯಿಸಿಕೊಂಡು, ಎಲ್ಲಿ ಹುಟ್ಟಿದಿರಿ ಎಂದು ಕೇಳಿದರು.

"ಲೆರಿನ್" ಎಂದರು ಕೋಸ್ತಾ.

ಇರೀನಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಫ್ಲೊರಿನಾ ಎನ್ನಬೇಕಿತ್ತು. ಅದು ಬೇರೆ ಹೆಸರು" ಎಂದರು. ಮತ್ತೆ ಕೇಳಿದರು. ಮತ್ತೆ "ಲೆರಿನ್". ಈ ಸಲ ಜೋರಾಗಿ.

ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಬೇರೆ ಹೆಸರು ಎಂದರೆ? ನಮ್ಮ ಮಂಜೇಶ್ವರದ ಬೋರ್ಡಿನ ಮೇಲೆ 'ಮಂಜೇಶ್ವರಂ' ಎಂದು ನೋಡಿ ಬಸ್ಸಿನಿಂದಿಳಿಯುತ್ತಲೇ ಗೊಣಗುತ್ತಿದ್ದ ಅಪ್ಪ ನೆನಪಾದರು. "ಒಂದೇ ಊರಿಗೆ ಎರಡು ಹೆಸರಾ?" ಎಂದು ಇರೀನಿಯನ್ನು ಕೇಳಿದೆ. ಅವರು ಸ್ವಲ್ಪ ತಡೆದು, "ಕೆಲವರು ಹಾಗೆ ಕರೆಯುತ್ತಾರೆ" ಎಂದರು. ಆ ತಡೆಯುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು.

ಆಗ ನಾನು ಹತ್ತು ದಿನ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಿಧಾನವಾಗಿ ಇಂಗ್ಲಿಷಿನಲ್ಲೇ ಕೇಳಿದೆ. "ಕೋಸ್ತಾ, ನೀವು ಯಾವ ಜನ?"

ಅವರು ನನ್ನನ್ನು ನೋಡಿದರು. "ಮಕೆಡೊನೆಟ್ಸ್" ಎಂದರು. ಮತ್ತೆ ಇಂಗ್ಲಿಷಿನಲ್ಲಿ, "ಮ್ಯಾಸಿಡೋನಿಯನ್."

"ನಾನೂ ಮ್ಯಾಸಿಡೋನಿಯದವಳೇ" ಎಂದರು ಇರೀನಿ, ಮುಖ ಕೆಂಪಾಗಿ. "ಥೆಸಲೊನಿಕಿ ಇರುವುದೇ ಮ್ಯಾಸಿಡೋನಿಯ ಪ್ರಾಂತದಲ್ಲಿ. ಮ್ಯಾಸಿಡೋನಿಯದವರು ಎಂದರೆ ಗ್ರೀಕರು. ಅಲೆಕ್ಸಾಂಡರನ ಕಾಲದಿಂದ."

ಅಲೆಕ್ಸಾಂಡರನ ಹೆಸರು ಬಂದದ್ದೇ ತಡ, ಹತ್ತು ದಿನದಿಂದ ಗೋಡೆ ನೋಡುತ್ತಿದ್ದ ಮನುಷ್ಯ ಎರಡು ಕೈ ಊರಿ ಎದ್ದು ಕೂತರು. ಸಿಟ್ಟಿನ ಜೊತೆಗೆ ಇಂಗ್ಲಿಷೂ ವಾಪಸ್ ಬಂತು. ತುಂಡು ತುಂಡಾಗಿ, ನಡುನಡುವೆ ಬೇರೆ ಭಾಷೆ ಬೆರೆತು, ಆದರೆ ಬಂತು.

ಆ ತಿಂಗಳು ಬೆಂಕಿಗೆ ತುಪ್ಪವೂ ಇತ್ತು. ಗ್ರೀಸಿನ ಬಡಗಣ ನೆರೆಯ ದೇಶ ತನ್ನ ಹೆಸರನ್ನು ಮ್ಯಾಸಿಡೋನಿಯದಿಂದ ಉತ್ತರ ಮ್ಯಾಸಿಡೋನಿಯ ಎಂದು ಬದಲಿಸಿಕೊಂಡದ್ದು ಅದೇ ಫೆಬ್ರವರಿಯಲ್ಲಿ. ಇಬ್ಬರೂ ಟಿವಿಯಲ್ಲಿ ಅದನ್ನು ನೋಡಿದ್ದರೆಂದು ಆಮೇಲೆ ತಿಳಿಯಿತು. ಪ್ರಾಚೀನ ಮ್ಯಾಸಿಡೋನಿಯದವರು ಗ್ರೀಕರೋ, ಬೇರೆಯೇ ಜನವೋ ಎಂಬ ವಾದ ಎರಡೂವರೆ ಸಾವಿರ ವರ್ಷ ಹಳೆಯದಂತೆ. ನಾನು ಅದನ್ನು ಮೊದಲ ಸಲ ಕೇಳಿದ್ದು ಹದಿನಾಲ್ಕನೇ ಬೆಡ್ಡಿನ ಪಕ್ಕದಲ್ಲಿ, ಒಂದು ಕೈಯಲ್ಲಿ ಬಿಪಿ ಪಟ್ಟಿ ಹಿಡಿದುಕೊಂಡು.

"ಒಲಿಂಪಿಯಾದ ಪಂದ್ಯಕ್ಕೆ ಗ್ರೀಕರನ್ನು ಮಾತ್ರ ಸೇರಿಸುತ್ತಿದ್ದರು" ಎಂದರು ಇರೀನಿ. "ಮ್ಯಾಸಿಡೋನಿಯದ ರಾಜ ಅಲ್ಲಿ ಓಡಿದ. ಮಹಾ ಅಲೆಕ್ಸಾಂಡರನ ಪೂರ್ವಜ, ಅವನ ಹೆಸರೂ ಅಲೆಕ್ಸಾಂಡರ್. ಇನ್ನೇನು ಬೇಕು?"

"ಗೇಟಿನಲ್ಲಿ ನಿಲ್ಲಿಸಿ ಕೇಳಿದರಲ್ಲ, ನೀನು ಗ್ರೀಕನೇ ಅಂತ. ನಿಮ್ಮವನೇ ಆದರೆ ಕೇಳಿದ್ದು ಯಾಕೆ, ಟೀಚರ್?"

"ಕೇಳಿದರು. ವಂಶಾವಳಿ ತೋರಿಸಿದ. ಬಿಟ್ಟರು."

"ರಾಜನಿಗೆ ವಂಶಾವಳಿ ಇರುತ್ತದೆ. ಅವನ ಕುರಿ ಕಾಯುವವನನ್ನು ಯಾರು ಕೇಳಿದರು?"

ಇರೀನಿ ಬಿಡಲಿಲ್ಲ. ಆ ಮ್ಯಾಸಿಡೋನಿಯದ ರಾಜರ ರಾಜಧಾನಿಯ ಗೋರಿಯೊಂದರಲ್ಲಿ ಸೀಸದ ತಗಡು ಸಿಕ್ಕಿದೆ, ಯಾರೋ ಹೆಂಗಸು ತನ್ನ ಗಂಡಿಗೆ ಬೇರೆ ಮದುವೆಯಾಗದಿರಲಿ ಎಂದು ಮಾಟ ಮಾಡಿಸಿ ಹೂಳಿದ್ದು, ಬರೆದಿರುವುದು ಗ್ರೀಕಿನ ಒಂದು ಉಪಭಾಷೆಯಲ್ಲಿ, ರಾಜನಲ್ಲದವರ ಮಾತೂ ಅದೇ ಎಂದರು. ಕೋಸ್ತಾ ಅವರು, "ಮಾಟ ಬರೆಯುವವನಿಗೆ ಕೊಟ್ಟು ಬರೆಸುತ್ತಾರೆ. ನನ್ನ ಅಜ್ಜಿಯ ಅರ್ಜಿಗಳೂ ಗ್ರೀಕಿನಲ್ಲೇ ಇದ್ದವು, ಅಜ್ಜಿಗೆ ಗ್ರೀಕ್ ಬರುತ್ತಿರಲಿಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮಜ್ಜಿಯ ಅರ್ಜಿಗಳೂ ಮಲಯಾಳದಲ್ಲೇ ಇದ್ದವು.

"ನಿಮ್ಮ ಭಾಷೆ ಸ್ಲಾವ್ ಜನರದು" ಎಂದರು ಇರೀನಿ. "ಅಲೆಕ್ಸಾಂಡರ್ ಸತ್ತು ಒಂಬತ್ತು ನೂರು ವರ್ಷದ ಮೇಲೆ ಆ ಬೆಟ್ಟಗಳಿಗೆ ಬಂದದ್ದು."

"ಗೊತ್ತು. ನಾನು ಬಡಗಿ, ಪೆದ್ದನಲ್ಲ. ಅಲೆಕ್ಸಾಂಡರ್ ನನ್ನ ಹಾಗೆ ಮಾತಾಡಿದ ಅಂತ ನಾನೆಲ್ಲಿ ಹೇಳಿದೆ?" ಅವರ ದನಿ ಇಳಿಯಿತು. "ಅಲೆಕ್ಸಾಂಡರನನ್ನು ನೀವೇ ಇಟ್ಟುಕೊಳ್ಳಿ, ಟೀಚರ್. ನನ್ನ ಅಜ್ಜಿಯನ್ನು ನನಗೆ ಬಿಡಿ."

ಪರದೆಯ ಪಕ್ಕದಲ್ಲಿ ಡಾಕ್ಟರ್ ಕ್ಯಾಥರಿನ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಜಯಂತಿ, ಇದು ಒಂಬತ್ತು ಅಂಕದವರು ಆಡುವ ಮಾತೇ?" ಎಂದು ಕೇಳಿದರು.

ಒಬ್ಬ ಬುದ್ಧಿವಂತ ಮನುಷ್ಯನನ್ನು ಬದುಕಿಡೀ ಬೀಗದೊಳಗೆ ಇಡಲು ನಾನು ಹತ್ತು ಸೆಕೆಂಡಿನಲ್ಲಿ ಗುರುತು ಹಾಕಿಬಿಟ್ಟಿದ್ದೆ. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಇರೀನಿ ಹೊರಗೆ ಕಾರಿಡಾರಿನಲ್ಲಿ ತಮ್ಮ ವರದಿಯ ಫಾರ್ಮು ಹಿಡಿದು ನಿಂತಿದ್ದರು. ಪ್ರತಿ ಸಲವೂ ದುಭಾಷಿ ಅದನ್ನು ತುಂಬಿ ಸಹಿ ಹಾಕಬೇಕು. 'ರೋಗಿಯ ಭಾಷೆ' ಎಂಬ ಜಾಗದಲ್ಲಿ ಪೆನ್ನು ಇಟ್ಟು, ಬರೆಯದೆ ಎತ್ತಿದರು.

"ಅವರ ಭಾಷೆಗೆ ಆ ಹೆಸರನ್ನು ನಾನು ಇವತ್ತಿನವರೆಗೆ ಬಾಯಲ್ಲಿ ಹೇಳಿಲ್ಲ" ಎಂದರು. "ನನ್ನ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಈಗ ಕೈಯಾರೆ ಬರೆಯಬೇಕಾಗಿದೆ."

"ಬರೆಯದಿದ್ದರೆ ನಾಳೆ ಅವರನ್ನು ಡಿಮೆನ್ಷಿಯಾ ಘಟಕಕ್ಕೆ ಕಳಿಸುತ್ತಾರೆ" ಎಂದೆ.

ಅವರು ಬರೆದರು. ರೋಗಿಯ ಭಾಷೆ ಮ್ಯಾಸಿಡೋನಿಯನ್, ಗ್ರೀಕ್ ಅಲ್ಲ, ಈ ಪರೀಕ್ಷೆಗೆ ನಾನು ತಕ್ಕ ದುಭಾಷಿಯಲ್ಲ ಎಂದು ಬರೆದು ಸಹಿ ಹಾಕಿದರು. ವಾದದಲ್ಲಿ ಒಂದಿಂಚೂ ಬಿಟ್ಟುಕೊಡದ ಹೆಂಗಸು, ಕೆಲಸದಲ್ಲಿ ಸುಳ್ಳು ಬರೆಯಲಿಲ್ಲ. ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕೆನಿಸಿತು, ಹೇಳಿದೆ.

ಊಟದ ಕೋಣೆಯಲ್ಲಿ ಪ್ರತಿಮಾಗೆ ಎಲ್ಲ ಹೇಳಿದಾಗ ಅವಳು ಟಿಫಿನ್ ಡಬ್ಬಿ ಮುಚ್ಚಿ ನನ್ನನ್ನೇ ನೋಡಿದಳು.

"ಬೇಜಾರ್ ಮಾಡ್ಕೋಬೇಡಿ ಅಕ್ಕ. ಲಿಸ್ಟಲ್ಲಿ ನಿಮಗೆ ಮಾಡಿದ್ದನ್ನೇ ನೀವು ಆ ಅಂಕಲ್‌ಗೆ ಮಾಡಿದ್ರಲ್ಲ?"

"ಹೌದು ಮಾರಾಯ್ತಿ. ಅದೇ ಉಂಟಲ್ಲ, ಗಂಟಲಲ್ಲಿ ಸಿಕ್ಕಿಕೊಂಡದ್ದು."

ಶುಕ್ರವಾರದ ಸಭೆಯಲ್ಲಿ ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ಲಿಖಿತ ವರದಿಯನ್ನೂ ಕೊಟ್ಟೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ. ತೀರ್ಮಾನ ಮುಂದಕ್ಕೆ ಹೋಯಿತು. ಆ ಭಾಷೆಯ ದುಭಾಷಿ ಆಕ್ಲೆಂಡಿನಲ್ಲಿ ಸಿಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಒಬ್ಬರು ಸಿಕ್ಕರು, ಸೋಮವಾರ ಬೆಳಿಗ್ಗೆಗೆ.

ಸೋಮವಾರ ಸ್ಪೀಕರ್ ಫೋನಿನಿಂದ "ಡೋಬರ್ ಡೆನ್, ಕೋಸ್ತಾ" ಎಂಬ ನಮಸ್ಕಾರದ ದನಿ ಬಂದದ್ದೇ, ಅವರು ಮೇಜಿನಿಂದ ಫೋನನ್ನು ಎತ್ತಿಕೊಂಡು ಎರಡೂ ಕೈಯಲ್ಲಿ ಹಿಡಿದರು. ಕಣ್ಣು ತುಂಬಿತು. ಪರೀಕ್ಷೆಗೆ ಮೊದಲು ಹತ್ತು ನಿಮಿಷ ಅವರಿಬ್ಬರೂ ಏನೋ ಮಾತಾಡಿದರು, ನಾವು ತಡೆಯಲಿಲ್ಲ. ಆಮೇಲೆ ಒಂದೊಂದೇ ಪ್ರಶ್ನೆ. ನೂರರಿಂದ ಏಳೇಳು ಕಳೆಯುವುದನ್ನು ನನಗಿಂತ ಬೇಗ ಮುಗಿಸಿದರು. ಹುಟ್ಟಿದ ಊರು ಲೆರಿನ್: ಪೂರ್ತಿ ಅಂಕ. ತಾರೀಕಿನಲ್ಲಿ ತಪ್ಪಿದರು, ಮೂರು ಶಬ್ದಗಳಲ್ಲಿ ಒಂದನ್ನು ಮರೆತರು. ಮೂವತ್ತಕ್ಕೆ ಇಪ್ಪತ್ತಾರು. ಡಾಕ್ಟರ್ ಕ್ಯಾಥರಿನ್ ಹಾಳೆಯನ್ನು ನನ್ನ ಕಡೆ ತಿರುಗಿಸಿದಾಗ ನಾನು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಅಬ್ಬ, ಎಂದೆ. ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು.

ಮೊದಲ ಪರೀಕ್ಷೆಯಲ್ಲಿ ಯಾಕೆ ಮಾತಾಡಲಿಲ್ಲ ಎಂದು ಆ ದುಭಾಷಿಯ ಮೂಲಕ ಕೇಳಿದೆವು. ಆರು ವರ್ಷಕ್ಕೆ ಊರಿನ ಗ್ರೀಕ್ ಶಾಲೆಗೆ ಸೇರಿದೆ, ಮನೆ ಭಾಷೆ ಬಾಯಿಂದ ಬಂದರೆ ಕೈಗೆ ಏಟು ಬೀಳುತ್ತಿತ್ತು, ಮರುವರ್ಷ 1948ರಲ್ಲಿ ಗ್ರೀಸಿನ ಅಂತರ್ಯುದ್ಧದ ನಡುವೆ ಮಕ್ಕಳನ್ನೆಲ್ಲ ಗಡಿ ದಾಟಿಸಿದರು ಎಂದರು. "ಫೋನಿನಲ್ಲಿ ಗ್ರೀಕ್ ಕೇಳಿತು. ಇನ್ನೂ ಆ ಶಾಲೆಯ ಬೆಂಚಿನ ಮೇಲೇ ಇದ್ದೇನೆ ಅನಿಸಿತು. ಬಾಯಿ ಮುಚ್ಚಿಕೊಂಡೆ."

'ಪಿಪೆರ್ಕಿ'ಯ ಗುಟ್ಟನ್ನು ಬಿಡಿಸಿದ್ದು ಮೇರೆ. ಬುಧವಾರ ಅವರನ್ನು ಕರೆದೊಯ್ಯಲು ತನ್ನ ಯೂಟ್, ಅಂದರೆ ಪಿಕಪ್ ಗಾಡಿ, ತಂದಿದ್ದಳು. "ಇವರ ಕೆಂಪು ಮೆಣಸಿನಕಾಯಿ ಹಣ್ಣಾಗಿ ಗಿಡವೇ ಬಗ್ಗಿದೆ ಡಿಯರ್. ನಲವತ್ತು ಗಿಡ! ನಾನು ದಿನಾ ನೀರು ಹಾಕಿದ್ದೇನೆ" ಎಂದಳು. ಕೋಸ್ತಾ ಅವರು ಬೇಡಿದ್ದು ಕಾಳುಮೆಣಸಲ್ಲ. ತಮ್ಮ ಹಿತ್ತಿಲಿನ ದೊಡ್ಡ ಮೆಣಸಿನಕಾಯಿ ಕೊಳೆತು ಹೋಗುತ್ತದೆ, ಮನೆಗೆ ಕಳಿಸಿ ಎಂದು ಗೋಗರೆಯುತ್ತಿದ್ದರು. ಪ್ರತಿಮಾ ಹದಿನೇಳು ಪೊಟ್ಟಣಗಳನ್ನು ಮೆಲ್ಲಗೆ ಜೇಬಿಗೆ ಸೇರಿಸಿಕೊಂಡಳು.

ಹೊರಡುವ ಮೊದಲು ಫಾರ್ಮು ಹಿಡಿದು ಅವರ ಪಕ್ಕದಲ್ಲಿ ಕೂತೆ. ಗ್ರೀಕ್ ಎಂದು ನಾನು ಹಾಕಿದ್ದ ಗುರುತನ್ನು ತೋರಿಸಿ, ಕ್ಷಮೆ ಕೇಳಿ, ಪೆನ್ನನ್ನು ಅವರ ಕೈಗೇ ಕೊಟ್ಟೆ. ಅವರು ನಿಧಾನವಾಗಿ ತಮ್ಮ ಲಿಪಿಯಲ್ಲಿ ಬರೆದರು. ಕಂಪ್ಯೂಟರಿನಲ್ಲಿ ಹುಡುಕಿದರೆ ಮ್ಯಾಸಿಡೋನಿಯನ್ ಎಂಬುದಕ್ಕೂ ಒಂದು ಕೋಡ್ ಇತ್ತು. ಮೊದಲಿನಿಂದಲೂ ಇತ್ತು.

"ನೀವು ಯಾವ ಊರು, ಸಿಸ್ಟರ್?" ಎಂದು ಕೇಳಿದರು.

"ಕುಂಬಳೆ. ನಕ್ಷೆಯಲ್ಲಿ ಅದು ಕೇರಳ. ನಾವು ಕನ್ನಡದವರು."

"ಓಹೋ, ನಕ್ಷೆಯಲ್ಲಿ!" ಎಂದು ಅವರು ಜೋರಾಗಿ ನಕ್ಕರು. ನಾನೂ ನಕ್ಕೆ.

ಮಾರ್ಚಿನ ಒಂದು ಭಾನುವಾರ ಮೇರೆ ಫೋನ್ ಮಾಡಿ ಕರೆದಳು. ನಾನು ಫ್ಲ್ಯಾಟ್ ಬುಷ್‌ನ ನನ್ನ ಮನೆಯಿಂದ ಕಾರಿನಲ್ಲಿ ಕೋಸ್ತಾ ಅವರ ಮನೆಗೆ ಹೋದೆ. ಹಿತ್ತಿಲಲ್ಲಿ ಮೆಣಸಿನಕಾಯಿ ಸುಡುತ್ತಿದ್ದರು. ಬದನೆಕಾಯಿ ಸುಟ್ಟು ಗೊಜ್ಜು ಮಾಡುವಾಗಿನದೇ ಪರಿಮಳ. ಕೋಲೂರಿ ನಿಂತ ಕೋಸ್ತಾ ಅವರ ಪಕ್ಕದಲ್ಲಿ, ಬಿಳಿ ಷರಟಿನ ತೋಳು ಮಡಚಿಕೊಂಡು ಸಿಪ್ಪೆ ಸುಲಿಯುತ್ತಿದ್ದವರು ಇರೀನಿ. ಸುಟ್ಟ ಮೆಣಸಿನಕಾಯಿಯ ಚಟ್ನಿ ಮೊದಲು ಯಾರ ಜನರದು ಎಂದು ಇಬ್ಬರಿಗೂ ಜಗಳ ನಡೆದಿತ್ತು. ನನಗೂ ಒಂದು ಬಾಟಲಿ ಸಿಕ್ಕಿತು.

ಮರುದಿನ ನಾನು ಸಿಬ್ಬಂದಿ ಕಚೇರಿಗೆ ಹೋಗಿ ಭಾಷೆಯ ಪಟ್ಟಿಯಲ್ಲಿ ನನ್ನ ಸಾಲನ್ನು ತಿದ್ದಿಸಿದೆ. ತುಳು, ಕನ್ನಡ. ಮಲಯಾಳವನ್ನು ಹೊಡೆದು ಹಾಕಲು ಕೈ ಹೋಯಿತು, ಆಮೇಲೆ ಆರನೇ ಬೆಡ್ಡಿನ ಅಂಕಲ್ ನೆನಪಾಗಿ ಅದನ್ನೂ ಉಳಿಸಿದೆ.

ಎರಡು ವರ್ಷದ ಮೇಲೆ ನಿವೃತ್ತಳಾದೆ. ಅಲೆಕ್ಸಾಂಡರ್ ಗ್ರೀಕನೋ ಅಲ್ಲವೋ, ಪಾಪಕುರಾದ ಲೈಬ್ರರಿಯಿಂದ ಪುಸ್ತಕ ತಂದು ಓದಿದ ಮೇಲೂ ನನಗೆ ಹೇಳಲು ಬಾರದು. ಪ್ರಾಚೀನ ಮ್ಯಾಸಿಡೋನಿಯದವರ ಮಾತು ಗ್ರೀಕಿನದೇ ಒಂದು ಬಗೆ ಎಂದು ಹೆಚ್ಚಿನ ವಿದ್ವಾಂಸರು ಈಗ ಒಪ್ಪುತ್ತಾರಂತೆ. ಅವರು ತಮ್ಮನ್ನು ತಾವು ಏನೆಂದುಕೊಂಡಿದ್ದರು ಎಂಬುದರ ಬಗ್ಗೆ ವಾದ ಮುಗಿದಿಲ್ಲ. ಮುಗಿಯುವುದು ಹೇಗೆ? ಅಲೆಕ್ಸಾಂಡರ್ ಸತ್ತು ಎರಡು ಸಾವಿರದ ಮುನ್ನೂರು ವರ್ಷವಾಯಿತು, ಅವನನ್ನು ಕೇಳುವಂತಿಲ್ಲ. ಕೋಸ್ತಾ ಅವರು ಹದಿನಾಲ್ಕನೇ ಬೆಡ್ಡಿನಲ್ಲಿ, ನನ್ನ ಕೈಗೆಟಕುವಷ್ಟು ಹತ್ತಿರ ಹತ್ತು ದಿನ ಮಲಗಿದ್ದರು. ಅವರನ್ನು ಕೇಳಬಹುದಿತ್ತು.